ಆಕ್ಸಲ್ ಕಿಟ್ ಹಾಕಿದ ಮೇಲೆ ಮುಂದಿನ ಚಕ್ರ ತಿರುಗದಿದ್ದರೆ

ಆಲ್ದೂರಿನ ಹತ್ತಿರ ನಮ್ಮ ತೋಟದ ದಾರಿಯಲ್ಲಿ ಮಳೆಗಾಲ ಪೂರ್ತಿ ಬೈಕಿನ ಮುಂದಿನ ಚಕ್ರ ಅರ್ಧ ಕೆಸರಲ್ಲೇ ಇರುತ್ತದೆ. ನನ್ನ 150 ಸಿಸಿ ಬೈಕಿನ ಆಕ್ಸಲ್, ಅಂದರೆ ಚಕ್ರದ ನಡುವೆ ತೂರುವ ಕಬ್ಬಿಣದ ಸರಳು, ತುಕ್ಕು ತಿಂದು ಗೀರು ಬಿದ್ದಿತ್ತು. ಕಂಪನಿಯದಲ್ಲದ ಒಂದು ಕಿಟ್ ತರಿಸಿದೆ. ಆಕ್ಸಲ್, ನಟ್, ಎರಡು ಬೇರಿಂಗ್, ಹೊರಗಡೆ ಕೂರುವ ಎರಡು ಬುಷ್ (ಕೊಳವೆಯಂಥ ತುಂಡು), ಬೇರಿಂಗುಗಳ ನಡುವೆ ಕೂರುವ ಒಂದು ಉದ್ದ ಬುಷ್. ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ಒಂದು ಗಂಟೆಯ ಕೆಲಸ ಅಂದುಕೊಂಡಿದ್ದೆ. ಎರಡು ದಿನ ಹಿಡಿಯಿತು.

ನಟ್ ಸಡಿಲ ಇದ್ದಾಗ ಚಕ್ರ ಸಲೀಸಾಗಿ ತಿರುಗುತ್ತಿತ್ತು. ಬಿಗಿ ಮಾಡಿದ ಕೂಡಲೇ ಗಟ್ಟಿ. ಬ್ರೇಕ್ ಹಿಡಿದಿದೆ ಅಂತ ಪಿಸ್ಟನ್ ತೊಳೆಯುತ್ತಾ ಒಂದಿಡೀ ಸಂಜೆ ಹಾಳು ಮಾಡಿಕೊಂಡೆ. ನೀವು ಹಾಗೆ ಮಾಡಬೇಡಿ. ಡಿಸ್ಕನ್ನು ಹಿಡಿಯುವ ಬ್ರೇಕಿನ ಭಾಗ, ಅಂದರೆ ಕ್ಯಾಲಿಪರ್ ಬಿಚ್ಚಿ, ಹೋಸ್ ಮೇಲೆ ಭಾರ ಬೀಳದ ಹಾಗೆ ದಾರದಲ್ಲಿ ಪಕ್ಕಕ್ಕೆ ಕಟ್ಟಿ. ಪ್ಯಾಡ್‌ಗಳ ನಡುವೆ ರಟ್ಟಿನ ತುಂಡು ಇಡಿ, ಇಲ್ಲದಿದ್ದರೆ ಯಾರಾದರೂ ಸುಮ್ನೆ ಬ್ರೇಕ್ ಒತ್ತಿದರೆ ಪಿಸ್ಟನ್ ಹೊರಗೆ ಬರುತ್ತದೆ. ಈಗ ನಟ್ ಬಿಗಿ ಮಾಡಿ ಚಕ್ರ ತಿರುಗಿಸಿ. ಆಗಲೂ ಗಟ್ಟಿ ಇದ್ದರೆ ತಪ್ಪು ಬ್ರೇಕಿನದಲ್ಲ, ಬೇರಿಂಗ್ ಕೂರುವ ಚಕ್ರದ ನಡುಭಾಗ, ಅಂದರೆ ಹಬ್ ಒಳಗಿನದು.

ಮಾರನೇ ದಿನ ಚಕ್ರ ಹೊತ್ತುಕೊಂಡು ಚಿಕ್ಕಮಗಳೂರಿನ ಒಂದು ಲೇತ್ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಹೊಸ ಉದ್ದ ಬುಷ್ ಕೈಯಲ್ಲಿ ಹಿಡಿದು ಕೇಳಿದ ಮೊದಲ ಮಾತು, "ಹಳೇದು ಎಲ್ಲಿ ಅಣ್ಣಾ?" ಹಳೇದು ಗುಜರಿ ಚೀಲದಲ್ಲಿತ್ತು. ಮನೆಗೆ ಬಂದು ರಾತ್ರಿ ಟಾರ್ಚ್ ಹಿಡಿದು ಹುಡುಕಿ ತೆಗೆದೆ. ಗಾಜಿನ ಮೇಲೆ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದೆ. ಕಿಟ್‌ನ ಬುಷ್ ಸುಮಾರು ಒಂದು ಮಿಲಿಮೀಟರ್ ಗಿಡ್ಡ!

ಇಷ್ಟಕ್ಕೇ ಚಕ್ರ ಯಾಕೆ ಹಿಡಿಯುತ್ತದೆ ಅಂದರೆ, ನಟ್ ಬಿಗಿ ಮಾಡಿದಾಗ ಒತ್ತಡ ಹೊರಗಿನ ಬುಷ್, ಬೇರಿಂಗಿನ ಒಳಬಳೆ, ಉದ್ದ ಬುಷ್, ಆ ಕಡೆಯ ಒಳಬಳೆ ಹೀಗೆ ಒಂದೇ ಕೊಳವೆಯ ಹಾಗೆ ದಾಟಿ ಹೋಗಬೇಕು. ನಡುವಿನ ಬುಷ್ ಗಿಡ್ಡ ಆದರೆ ಎರಡೂ ಒಳಬಳೆಗಳು ಒಳಕ್ಕೆ ಎಳೆಯಲ್ಪಡುತ್ತವೆ. ಹೊರಬಳೆಗಳು ಹಬ್‌ನಲ್ಲಿ ಕೂತಲ್ಲೇ ಇರುತ್ತವೆ. ನಡುವಿನ ಗುಂಡುಗಳು ಅಡ್ಡಡ್ಡ ಸಿಕ್ಕಿ ಹಿಡಿಯುತ್ತವೆ. ಹಾಗೇ ಓಡಿಸಿದರೆ ಬೇರಿಂಗ್ ಬಿಸಿಯಾಗಿ ಬೇಗ ಹಾಳಾಗುತ್ತದೆ. ನಟ್ ಸ್ವಲ್ಪ ಸಡಿಲ ಬಿಟ್ಟರಾಯ್ತು ಅಂತ ಕೆಲವರು ಸಲಹೆ ಕೊಡುತ್ತಾರೆ. ಮುಂದಿನ ಚಕ್ರದ ನಟ್ ಸಡಿಲ ಬಿಟ್ಟು ಚಾರ್ಮಾಡಿ ಘಾಟಿ ಇಳಿಯುವ ಧೈರ್ಯ ನನಗಂತೂ ಇಲ್ಲ.

ಹಳೆ ಬುಷ್‌ನ ತುದಿಗಳು ಸವೆಯದೆ ಚೊಕ್ಕಟವಾಗಿದ್ದರೆ ಅದನ್ನೇ ಹಾಕಿ. ಸವೆದಿದ್ದರೆ ಲೇತ್‌ನಲ್ಲಿ ಹೊಸದು ಮಾಡಿಸಿ, ಆದರೆ ಅಳತೆಯನ್ನು ಹಬ್ ಒಳಗೆ ಬೇರಿಂಗುಗಳು ತಾಗಿ ನಿಲ್ಲುವ ಎರಡು ಮೆಟ್ಟಿಲುಗಳ ನಡುವೆ ತೆಗೆಯಿರಿ. ಬುಷ್ ಅದಕ್ಕಿಂತ ಕೂದಲೆಳೆಯಷ್ಟು ಉದ್ದ ಇದ್ದರೆ ಪರವಾಗಿಲ್ಲ, ಗಿಡ್ಡ ಮಾತ್ರ ಆಗಬಾರದು.

ಬೇರಿಂಗ್ ಕೂರಿಸುವಾಗಲೂ ಇದೇ ಲೆಕ್ಕ. ಮೊದಲನೆಯದನ್ನು ಮೆಟ್ಟಿಲಿಗೆ ತಾಗುವವರೆಗೆ ಹೊಡೆಯಿರಿ. ಉದ್ದ ಬುಷ್ ಇಳಿಸಲು ಮರೆಯಬೇಡಿ. ಎರಡನೆಯದರ ಒಳಬಳೆ ಬುಷ್‌ಗೆ ತಾಗಿದ ಕೂಡಲೇ ನಿಲ್ಲಿಸಿ. ಪೆಟ್ಟು ಯಾವಾಗಲೂ ಹೊರಬಳೆಯ ಮೇಲೆ ಬೀಳಬೇಕು. ಹಳೆ ಬೇರಿಂಗನ್ನೇ ಮೇಲಿಟ್ಟು, ಅದರ ಮೇಲೆ ಸಿಲ್ವರ್ ಓಕ್ ತುಂಡಿಟ್ಟು ಹೊಡೆದೆ. ಬೇರಿಂಗಿನ ನಂಬರನ್ನೂ ನೋಡಿಕೊಳ್ಳಿ. ನನ್ನದು 6301: ಒಳತೂತು 12, ಹೊರ ವ್ಯಾಸ 37, ದಪ್ಪ 12 ಮಿಲಿಮೀಟರ್. 6202 ಬಂದಿದ್ದರೆ ಅದರ ತೂತು 15, ಹೊರ ವ್ಯಾಸ 35. ನನ್ನ ಹಬ್‌ನಲ್ಲಿ ಅದು ಲೊಡಲೊಡ ಅನ್ನುತ್ತದೆ.

ಆಕ್ಸಲ್ಲೇ ತೂರದಿದ್ದರೆ ಸುತ್ತಿಗೆ ಎತ್ತಬೇಡಿ. ಚಕ್ರ ಬದಿಗಿಟ್ಟು ಬರೀ ಫೋರ್ಕಿನ (ಚಕ್ರವನ್ನು ಎರಡೂ ಕಡೆ ಹಿಡಿಯುವ ಕವಲು) ಎರಡು ಕಾಲುಗಳಲ್ಲಿ ಆಕ್ಸಲ್ ತೂರಿಸಿ ನೋಡಿ. ಕೈಯಲ್ಲಿ ಹೋಗಬೇಕು. ಹೋಗದಿದ್ದರೆ ತೂತಿನ ತುಕ್ಕನ್ನು ಎಮರಿ ಪೇಪರಿನಲ್ಲಿ ಉಜ್ಜಿ. ಆಮೇಲೂ ಹೋಗದಿದ್ದರೆ ಫೋರ್ಕಿನ ಕಾಲು ತಿರುಚಿರಬಹುದು. ಆಕ್ಸಲ್ ಗಾಜಿನ ಮೇಲೆ ಉರುಳಿಸಿದರೆ ಸೊಟ್ಟ ಇದ್ದದ್ದು ಕುಣಿದು ಗೊತ್ತಾಗುತ್ತದೆ.

ಡಿಸ್ಕ್ ಕ್ಯಾಲಿಪರಿನ ಒಂದು ಪಕ್ಕಕ್ಕೆ ತಾಗುತ್ತಿದ್ದರೆ ಹೊರಗಿನ ಬುಷ್‌ಗಳು ಅದಲುಬದಲಾಗಿವೆ; ಎಡಬಲದ್ದು ಅಳತೆ ಬೇರೆ ಬೇರೆ. ಸ್ಪೀಡೋಮೀಟರ್ ಮುಳ್ಳು ಏಳದಿದ್ದರೆ ಅದರ ಗೇರಿನ ಎರಡು ಕಿವಿ ಹಬ್‌ನ ಕಚ್ಚಿನಲ್ಲಿ ಕೂತಿಲ್ಲ. ಕೂರಿಸದೆ ಬಿಗಿ ಮಾಡಿದರೆ ಕಿವಿ ಮುರಿಯುತ್ತದೆ.

ಕೊನೆಗೆ ಬಿಗಿ ಮಾಡುವ ಕ್ರಮ. ಫೋರ್ಕಿನ ತುದಿಯಲ್ಲಿ ಆಕ್ಸಲನ್ನು ಕಚ್ಚಿ ಹಿಡಿಯುವ ಬೋಲ್ಟ್ ಇದ್ದರೆ ಅದನ್ನು ಸಡಿಲವೇ ಬಿಡಿ. ನಟ್ಟನ್ನು ಬೈಕಿನ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಟಾರ್ಕಿಗೆ (ತಿರುಗಿಸುವ ಬಲದ ಅಳತೆ) ಬಿಗಿ ಮಾಡಿ. ಕ್ಯಾಲಿಪರ್ ವಾಪಸ್ ಹಾಕಿ, ಚಕ್ರ ನೆಲಕ್ಕಿಳಿಸಿ, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ನಾಲ್ಕೈದು ಸಲ ಜೋರಾಗಿ ಒತ್ತಿ ಬಿಡಿ. ಆಗ ಫೋರ್ಕಿನ ಕಾಲು ಆಕ್ಸಲ್ ಮೇಲೆ ತನ್ನ ಜಾಗ ಹುಡುಕಿಕೊಳ್ಳುತ್ತದೆ. ಆಮೇಲೆ ಆ ಬೋಲ್ಟ್ ಬಿಗಿ ಮಾಡಿ. ಮೊದಲೇ ಬಿಗಿ ಮಾಡಿದರೆ ಫೋರ್ಕ್ ಗುಂಡಿಯಲ್ಲಿ ಸರಿಯಾಗಿ ಇಳಿಯುವುದಿಲ್ಲ.

ಹೊರಡುವ ಮುಂಚೆ ಬ್ರೇಕ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ. ಪೇಟೆಗೆ ನಿಧಾನಕ್ಕೆ ಹೋಗಿ ಬಂದು ನಟ್ ಇನ್ನೊಮ್ಮೆ ನೋಡಿ, ಹಬ್ ಮುಟ್ಟಿ. ಬಿಸಿ ಇದ್ದರೆ ಮತ್ತೆ ಬಿಚ್ಚಿ. ಡಿಸ್ಕ್ ಬಿಸಿಯಾಗುವುದು ಸಹಜ, ಅದನ್ನು ಮುಟ್ಟಬೇಡಿ. ನಾನು ಮುಟ್ಟಿ ಎರಡು ಬೆರಳು ಸುಟ್ಟುಕೊಂಡಿದ್ದೇನೆ.