ರಾತ್ರಿ ಮಾತ್ರೆ, ಬೆಳಿಗ್ಗೆ ರಕ್ತ

ಮನೋವೈದ್ಯರ ಕೈಗೆ ಸಿಗುವ ಅಂಕಿಗಳು ಕಡಿಮೆ. ಸಕ್ಕರೆ ಕಾಯಿಲೆ ನೋಡುವವರಿಗೆ ರಕ್ತದ ರಿಪೋರ್ಟ್ ಇದೆ, ಮೂಳೆ ಡಾಕ್ಟರಿಗೆ ಎಕ್ಸ್-ರೇ ಇದೆ. ನಮಗೆ ಇರುವುದು ಎದುರಿಗೆ ಕೂತವರ ಮಾತು, ಮುಖ, ನಿದ್ದೆ, ಮನೆಯವರು ಹೇಳುವ ಕತೆ. ಅದಕ್ಕೇ ಇರಬೇಕು, ನನಗೆ ಲಿಥಿಯಂ ಮೇಲೆ ಮೊದಲಿನಿಂದಲೂ ಸ್ವಲ್ಪ ಜಾಸ್ತಿ ಪ್ರೀತಿ. ಮನಸ್ಸು ಒಮ್ಮೆ ವಿಪರೀತ ಏರುವ, ಒಮ್ಮೆ ವಿಪರೀತ ಕುಸಿಯುವ ಬೈಪೋಲಾರ್ ಕಾಯಿಲೆಗೆ ಕೊಡುವ ಈ ಔಷಧಿಯನ್ನು ರಕ್ತದಲ್ಲಿ ಅಳೆಯಬಹುದು. ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇದ್ದರೆ ಸಾಮಾನ್ಯವಾಗಿ ನೆಮ್ಮದಿ. ಮೇನಿಯಾ, ಅಂದರೆ ಆ ಏರಿದ ಸ್ಥಿತಿ, ಜೋರಾಗಿದ್ದಾಗ 1.0ರವರೆಗೂ ಹೋಗುತ್ತೇವೆ. 1.5 ದಾಟಿತು ಅಂದರೆ ಅದೇ ಔಷಧಿ ವಿಷವಾಗಲು ಶುರು.

ಈ ಅಂಕಿಯೇ ನನ್ನನ್ನು ಒಮ್ಮೆ ಹಳ್ಳಕ್ಕೆ ಬೀಳಿಸಿತು.

ಕೆಲಸಕ್ಕೆ ಸೇರಿದ ಹೊಸತು. ಒಬ್ಬ ಮಹಿಳೆ ರಾತ್ರಿಗೆ 900 ಮಿಲಿಗ್ರಾಂ ತಗೊಂಡು ಎರಡು ವರ್ಷ ಆರಾಮಾಗಿದ್ದರು. ಪ್ರತಿ ಸಲ ರಿಪೋರ್ಟ್ 0.7ರ ಆಸುಪಾಸು. ಒಂದು ಸಲ 1.3 ಬಂತು. ನನಗೆ ಎದೆ ಧಸಕ್ ಅಂತು. ಕೈ ಮುಂದೆ ಚಾಚಿಸಿ ನೋಡಿದೆ, ನಡುಕ ಇಲ್ಲ. ವಾಂತಿ, ಭೇದಿ, ನಡಿಗೆಯಲ್ಲಿ ತೂರಾಟ, ಯಾವುದೂ ಇಲ್ಲ. ಕಿಡ್ನಿ ರಿಪೋರ್ಟೂ ಸರಿಯಾಗಿತ್ತು. ಮನುಷ್ಯರು ಒಂದು ಹೇಳ್ತಿದ್ದಾರೆ, ಕಾಗದ ಇನ್ನೊಂದು ಹೇಳ್ತಿದೆ. ನಾನು ಕಾಗದವನ್ನು ನಂಬಿದೆ. ಡೋಸ್ 600ಕ್ಕೆ ಇಳಿಸಿ ಕಳಿಸಿದೆ.

ಆರು ವಾರಕ್ಕೆ ಅವರ ಗಂಡ ಕರೆದುಕೊಂಡು ಬಂದರು. ನಾಲ್ಕು ದಿನದಿಂದ ರಾತ್ರಿ ಎರಡು ಗಂಟೆ ನಿದ್ದೆ, ಆದರೂ ಸುಸ್ತು ಅನ್ನುವುದೇ ಇಲ್ಲ. ಮಾತಿಗೆ ಮಾತು ಸೇರಿಸುತ್ತಾ, ನಗುತ್ತಾ, ಮರುಕ್ಷಣ ಸಿಡುಕುತ್ತಾ ಕೂತಿದ್ದರು. ಮೇನಿಯಾ ಪೂರ್ತಿ ವಾಪಸ್ ಬಂದಿತ್ತು. ಅವತ್ತಿನ ಲಿಥಿಯಂ 0.4. ಮೂರು ವಾರ ಆಸ್ಪತ್ರೆಯಲ್ಲಿ ಇರಬೇಕಾಯಿತು.

ಚೇತರಿಸಿಕೊಂಡ ಮೇಲೆ ಒಂದು ದಿನ ಅವರೇ ಹೇಳಿದರು. "ಡಾಕ್ಟ್ರೇ, ಆವತ್ತು ರಾತ್ರಿ ಮಾತ್ರೆ ತಗೊಂಡಿರ್ಲಿಲ್ಲ. ಬೆಳಿಗ್ಗೆ ಎದ್ದು ತಗೊಂಡೆ, ಆಮೇಲೆ ರಕ್ತ ಕೊಟ್ಟೆ. ಟೆಸ್ಟಲ್ಲಿ ಔಷಧಿ ಚೆನ್ನಾಗಿ ಕಾಣ್ಬೇಕಲ್ವಾ?"

ಮಾತ್ರೆ ನುಂಗಿದ ಒಂದೆರಡು ಗಂಟೆಯಲ್ಲಿ ರಕ್ತದಲ್ಲಿ ಲಿಥಿಯಂ ಏರಿ ಕೂತಿರುತ್ತದೆ. ಆಗ ಅಳೆದರೆ ಎಂಥವರಿಗೂ ಜಾಸ್ತಿಯೇ ಬರುತ್ತದೆ. ನಾವು ಹೇಳುವ 0.6, 0.8 ಎಲ್ಲ ಕೊನೆಯ ಮಾತ್ರೆ ತಗೊಂಡು 12 ಗಂಟೆ ಆದ ಮೇಲಿನ ಲೆಕ್ಕ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. "ಮಾತ್ರೆ ಎಷ್ಟು ಗಂಟೆಗೆ ತಗೊಂಡ್ರಿ?" ಅಂತ ಕೇಳಲು ಹತ್ತು ಸೆಕೆಂಡ್ ಸಾಕಿತ್ತು. ಕೇಳಲಿಲ್ಲ. ಇನ್ನೂ ಬೇಜಾರಿನ ವಿಷಯ, ಆ ಟೆಸ್ಟ್ ಯಾಕೆ ಅಂತ ಎರಡು ವರ್ಷದಲ್ಲಿ ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಮಾತ್ರೆ ನುಂಗುತ್ತಿದ್ದಾರಾ ಅಂತ ಹಿಡಿಯುವ ಪರೀಕ್ಷೆ ಅಂದುಕೊಂಡಿದ್ದರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆನೇನೋ.

ಅಳತೆ ಇಲ್ಲದ ಕಾಲವೂ ಒಂದಿತ್ತು. ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ 1949ರಲ್ಲಿ ಮೇನಿಯಾ ಇದ್ದ ಹತ್ತು ಜನಕ್ಕೆ ಲಿಥಿಯಂ ಕೊಟ್ಟು ಬರೆದಾಗ, ರಕ್ತದಲ್ಲಿ ಎಷ್ಟಿದೆ ಅಂತ ನೋಡುತ್ತಿರಲಿಲ್ಲ. ರೋಗಿಯ ಮುಖ ನೋಡಿಯೇ ಡೋಸ್. ಅವರ ಮೊದಲ ರೋಗಿ ಅದ್ಭುತವಾಗಿ ಚೇತರಿಸಿಕೊಂಡರು, ಆದರೆ ಕೊನೆಗೆ ಲಿಥಿಯಂ ವಿಷವಾಗಿಯೇ ತೀರಿಕೊಂಡರು. ಅಮೆರಿಕದಲ್ಲಿ ಅದೇ 1949ರಲ್ಲಿ ಉಪ್ಪಿನ ಬದಲು ಲಿಥಿಯಂ ಕ್ಲೋರೈಡ್ ತಿಂದು ಕೆಲವರು ಸತ್ತರು. ಅಲ್ಲಿ ಮೇನಿಯಾಗೆ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1970ರಲ್ಲಿ. ಕೇಡ್ ಅವರಿಗೆ ಅಂಕಿ ಇರಲಿಲ್ಲ, ನನಗೆ ಅಂಕಿ ಒಂದೇ ಇತ್ತು.

ಈಗ ನಾನು ಮಾಡುವುದು ಇಷ್ಟು. ಲ್ಯಾಬಿಗೆ ಬರೆಯುವ ಚೀಟಿಯಲ್ಲಿ ಕೊನೆಯ ಮಾತ್ರೆಯ ಹೊತ್ತು ಬರೆಯಲು ಒಂದು ಗೆರೆ ಎಳೆದು ಬಿಡುತ್ತೇನೆ. ರಾತ್ರಿ ಒಂಬತ್ತಕ್ಕೆ ಮಾತ್ರೆ, ಬೆಳಿಗ್ಗೆ ಒಂಬತ್ತಕ್ಕೆ ರಕ್ತ. ಡೋಸ್ ಬದಲಾಯಿಸಿದರೆ ಐದಾರು ದಿನ ಕಾದು ಮತ್ತೆ ನೋಡುತ್ತೇನೆ, ಅದಕ್ಕೂ ಮುಂಚೆ ನೋಡಿ ಉಪಯೋಗವಿಲ್ಲ. ಕಿಡ್ನಿ, ಥೈರಾಯ್ಡ್, ಕ್ಯಾಲ್ಸಿಯಂ ಆರು ತಿಂಗಳಿಗೊಮ್ಮೆ.

ಕೈ ನೋಡುವುದನ್ನೂ ಬದಲಾಯಿಸಿಕೊಂಡೆ. ಚಾಚಿದ ಬೆರಳುಗಳ ಮೇಲೆ ಒಂದು ಬಿಳಿ ಹಾಳೆ ಇಡುತ್ತೇನೆ. ಬೆರಳಲ್ಲಿ ಕಣ್ಣಿಗೆ ಬೀಳದ ಸಣ್ಣ ನಡುಕ ಹಾಳೆಯ ಅಂಚಿನಲ್ಲಿ ಪಟಪಟ ಅಂತ ಕಾಣುತ್ತದೆ. ಅಷ್ಟು ಸಣ್ಣದು ಲಿಥಿಯಂ ತಗೊಳ್ಳುವ ಎಷ್ಟೋ ಜನರಿಗೆ ಇರುತ್ತದೆ, ಹೆದರಬೇಕಾಗಿಲ್ಲ. ಹಾಳೆಯೇ ಜಾರಿ ಬೀಳುವಷ್ಟು ದಪ್ಪ ನಡುಕ, ಜೊತೆಗೆ ಮಾತು ತೊದಲಿದರೆ ಮಾತ್ರೆ ನಿಲ್ಲಿಸಿ, ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಸೇರಿಸುತ್ತೇನೆ.

ಇನ್ನೊಂದು ಪ್ರಶ್ನೆ ನೋವಿನ ಮಾತ್ರೆಯದು. "ಬೇರೆ ಔಷಧಿ ತಗೋತೀರಾ?" ಅಂದರೆ ಎಲ್ಲರೂ ಇಲ್ಲ ಅನ್ನುತ್ತಾರೆ. "ಮಂಡಿ ನೋವಿಗೆ, ಸೊಂಟ ನೋವಿಗೆ ಏನಾದ್ರೂ?" ಅಂದಾಗ ಐಬುಪ್ರೊಫೆನ್ ಹೊರಗೆ ಬರುತ್ತದೆ. ಅದು ಲಿಥಿಯಂ ಅನ್ನು ಮೈಯಲ್ಲೇ ಉಳಿಸುತ್ತದೆ. ಬಿಪಿಯ ಕೆಲವು ಮಾತ್ರೆಗಳೂ ಹಾಗೇ. ಕಿಡ್ನಿಗೆ ಲಿಥಿಯಮ್ಮೂ ಉಪ್ಪಿನ ಸೋಡಿಯಮ್ಮೂ ಹೆಚ್ಚುಕಮ್ಮಿ ಒಂದೇ. ಮೈಯಲ್ಲಿ ಉಪ್ಪು, ನೀರು ಕಡಿಮೆಯಾದರೆ ಅದು ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ವಾಂತಿ ಭೇದಿ ಹಿಡಿದರೆ ಮುಂದಿನ ಮಾತ್ರೆ ನುಂಗುವ ಮುಂಚೆ ಫೋನ್ ಮಾಡಿ ಅಂತ ಹೇಳಿಯೇ ಕಳಿಸುತ್ತೇನೆ.

ಆ ಮಹಿಳೆ ಈಗಲೂ ಬರುತ್ತಾರೆ. 900ಕ್ಕೆ ವಾಪಸ್ ಹೋಗಿ ಆರು ವರ್ಷ ಆಯಿತು, ಮತ್ತೆ ಮೇನಿಯಾ ಬಂದಿಲ್ಲ. ಹೋದ ಸಲ, "ಇನ್ನು ನಿಲ್ಲಿಸ್ಬಹುದಾ?" ಅಂತ ಕೇಳಿದರು. ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವುದು ಜಾಸ್ತಿ, ನಿಲ್ಲಿಸುವುದೇ ಆದರೆ ಮೂರು ತಿಂಗಳಾದರೂ ತಗೊಂಡು ನಿಧಾನಕ್ಕೆ ಇಳಿಸಬೇಕು ಅಂದೆ. ನಿಲ್ಲಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ, ಅದನ್ನೂ ಹೇಳಿದೆ. ಅವರು ಒಪ್ಪಿಲ್ಲ, ಹಟವನ್ನೂ ಹಿಡಿದಿಲ್ಲ. ಮುಂದಿನ ತಿಂಗಳು ಗಂಡನನ್ನೂ ಕರೆದುಕೊಂಡು ಬರುತ್ತಾರಂತೆ. ಅಲ್ಲಿಯವರೆಗೆ 900, ರಾತ್ರಿ ಒಂಬತ್ತಕ್ಕೆ.