ಎದೆ ಹಿಡಿದುಕೊಂಡರೆ ಘಟ್ಟ ಇಳಿಯುವ ಮೊದಲು ಇಸಿಜಿ

ಶಿರಸಿ ಸೀಮೆಯಲ್ಲಿ ಎದೆನೋವಿಗೆ ಮನೆಮಂದಿ ಇಡುವ ಮೊದಲ ಹೆಸರು ‘ವಾಯು’. ಓಮದ ಕಷಾಯ ಕುದಿಯುತ್ತದೆ, ಶುಂಠಿ ಜಜ್ಜುತ್ತಾರೆ. ನಮ್ಮ ದೊಡ್ಡಪ್ಪನಿಗೂ ಹಾಗೆಯೇ ಆಯಿತು. ಅಡಿಕೆ ತೋಟದಿಂದ ಮನೆಗೆ ಏರುವ ಮೆಟ್ಟಿಲುಗಳ ನಡುವೆ ಅವರು ಮೂರು ವಾರಗಳಿಂದ ಎದೆಯ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದರು. ‘ಎರಡು ನಿಮಿಷ ನಿಂತರೆ ಹೋಗುತ್ತದೆ’ ಎನ್ನುತ್ತಿದ್ದರು. ಆ ಮಾತೇ ದೊಡ್ಡ ಸುಳಿವು ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ.

ನೋವಿನ ಜಾಡು ಹಿಡಿಯಿರಿ

ಹೃದಯದ ರಕ್ತನಾಳ ಕಿರಿದಾಗಿದ್ದರೆ ಕುಳಿತಾಗ ಸಾಲುವ ರಕ್ತ ಏರು ಹತ್ತುವಾಗ ಸಾಲುವುದಿಲ್ಲ. ಆದ್ದರಿಂದ ಶ್ರಮ ಬಿದ್ದಾಗ ಬಂದು, ನಿಂತರೆ ಕೆಲವೇ ನಿಮಿಷಗಳಲ್ಲಿ ಇಳಿಯುವ ಬಿಗಿತವನ್ನು ಅನುಮಾನದಿಂದಲೇ ನೋಡಬೇಕು. ದರೆ ಹತ್ತುವಾಗ, ತಲೆಹೊರೆ ಸೊಪ್ಪು ತರುವಾಗ, ಕಾರವಾರದ ಕಡಲತಡಿಯಲ್ಲಿ ರಂಪಣಿ ಬಲೆ ಎಳೆಯುವಾಗ ಹೀಗಾಗುತ್ತದೆಯೇ ಎಂದು ಕೇಳಿ. ‘ನೋವು ಇದೆಯೇ?’ ಎಂದಷ್ಟೇ ಕೇಳಿದರೆ ಹಲವರು ಇಲ್ಲವೆನ್ನುತ್ತಾರೆ, ಏಕೆಂದರೆ ಅವರಿಗೆ ಆಗುವುದು ಭಾರ, ಉರಿ ಅಥವಾ ಹಿಂಡಿದ ಹಾಗೆ. ಅದು ಎಡಗೈಗೆ, ದವಡೆಗೆ, ಬೆನ್ನಿಗೆ, ಹೊಟ್ಟೆಯ ಮೇಲ್ಭಾಗಕ್ಕೂ ಹರಡಬಹುದು. ಹೊಟ್ಟೆಯ ಹತ್ತಿರ ಕಾಣಿಸಿಕೊಂಡದ್ದನ್ನೇ ನಾವು ವಾಯು ಎಂದು ಬಿಡುವುದು.

ಸಕ್ಕರೆ ಕಾಯಿಲೆ ಇರುವವರು, ಹೆಂಗಸರು ಮತ್ತು ವಯಸ್ಸಾದವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಎದೆನೋವೇ ಇಲ್ಲದೆ ಬರಿಯ ಏದುಸಿರು, ವಾಂತಿ, ವಿಪರೀತ ಸುಸ್ತು ಬರುವುದುಂಟು. ಒಲೆಯ ಮುಂದೆ ಕುಸಿದು ಕುಳಿತ ಅತ್ತೆಗೆ ‘ನಿದ್ದೆ ಸಾಲಲಿಲ್ಲ’ ಎಂದು ಹೇಳಿ ಸುಮ್ಮನಾಗಬೇಡಿ.

ಈ ನೋವು ಶ್ರಮದಲ್ಲಿ ಮಾತ್ರ ಬರುತ್ತಿದ್ದರೆ ಅದೇ ವಾರ ವೈದ್ಯರ ಬಳಿ ಹೋಗಿ. ಹೊಸದಾಗಿ ಶುರುವಾಗಿ ಹೆಚ್ಚುತ್ತಿದ್ದರೆ ಅದೇ ದಿನ. ಕುಳಿತಲ್ಲೇ ಬಂದರೆ, ಹತ್ತು ನಿಮಿಷವಾದರೂ ಬಿಡದಿದ್ದರೆ, ತಣ್ಣನೆಯ ಬೆವರು ಅಥವಾ ತಲೆಸುತ್ತು ಜೊತೆಗಿದ್ದರೆ ಆ ಕ್ಷಣವೇ ಹೊರಡಬೇಕು.

ಹತ್ತಿರದ ಆಸ್ಪತ್ರೆಯೇ ಮೊದಲು

ನಮ್ಮ ಜಿಲ್ಲೆಯಲ್ಲಿ ಎದೆನೋವೆಂದರೆ ಕಾರು ನೇರ ಮಣಿಪಾಲ, ಹುಬ್ಬಳ್ಳಿ ಅಥವಾ ಗೋವೆಯ ಕಡೆ ತಿರುಗುತ್ತದೆ. ದೊಡ್ಡ ಆಸ್ಪತ್ರೆಗಾಗಿ ಇಲ್ಲಿನ ಜನ ಎಷ್ಟೋ ವರ್ಷಗಳಿಂದ ಕೂಗುತ್ತಿರುವಾಗ ಆ ಅವಸರ ನನಗೆ ಅರ್ಥವಾಗುತ್ತದೆ. ಆದರೆ ಹೃದಯದ ವಿದ್ಯುತ್ ಮಿಡಿತವನ್ನು ಕಾಗದದ ಮೇಲೆ ಗೆರೆಗಳಾಗಿ ತೋರಿಸುವ ಇಸಿಜಿ ಯಂತ್ರ ತಾಲ್ಲೂಕು ಆಸ್ಪತ್ರೆಯಲ್ಲೇ ಇದೆ. ಅದನ್ನು ದಾಟಿ ದೇವಿಮನೆ ಘಟ್ಟದ ತಿರುವುಗಳಲ್ಲೋ ಅರಬೈಲು ಘಟ್ಟದಲ್ಲೋ ಕಳೆಯುವ ಹೊತ್ತಿನಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಮಳೆಗಾಲದಲ್ಲಿ ದಾರಿಯನ್ನೇ ನಂಬುವಂತಿಲ್ಲ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು.

108ಕ್ಕೆ ಕರೆ ಮಾಡಿ. ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಎಲ್ಲಿ ನಿಂತರೆ ಸಿಗುತ್ತದೆ ಎಂಬುದು ಮಕ್ಕಳಿಗೂ ಗೊತ್ತಿರಲಿ. ರೋಗಿಯನ್ನು ನಡೆಸಬೇಡಿ, ಬೈಕಿನ ಹಿಂದೆ ಕೂರಿಸಬೇಡಿ. ಆಸ್ಪಿರಿನ್ ಒಗ್ಗದವರು ಅಥವಾ ರಕ್ತಸ್ರಾವದ ತೊಂದರೆ ಇರುವವರು ಅಲ್ಲವಾದರೆ, ಫೋನಿನಲ್ಲಿ ವೈದ್ಯರನ್ನು ಕೇಳಿ 300 ಮಿಲಿಗ್ರಾಂನಷ್ಟು ಆಸ್ಪಿರಿನ್ ಅಗಿಯಲು ಕೊಡಬಹುದು. ಪಕ್ಕದ ಮನೆಯವರ ನಾಲಿಗೆ ಕೆಳಗಿಡುವ ಗುಳಿಗೆ ಮಾತ್ರ ಬೇಡ, ರಕ್ತದೊತ್ತಡ ಕುಸಿದೀತು.

ಒಂದು ಇಸಿಜಿ ಸಾಲದು

ಆಸ್ಪತ್ರೆಗೆ ಕಾಲಿಟ್ಟ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ‘ಎದೆನೋವು’ ಎಂದು ಬಾಗಿಲಲ್ಲೇ ಹೇಳಿ, ಚೀಟಿಯ ಸಾಲಿನಲ್ಲಿ ನಿಲ್ಲಬೇಡಿ. ರಕ್ತನಾಳ ಪೂರ್ತಿ ಕಟ್ಟಿಕೊಂಡ ಲಕ್ಷಣ ಕಂಡರೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುತ್ತಾರೆ. ಅದು 12 ಗಂಟೆಯೊಳಗೆ ಕೆಲಸಕ್ಕೆ ಬರುತ್ತದಾದರೂ ಮೊದಲ ಒಂದೆರಡು ಗಂಟೆಗಳಲ್ಲಿ ಸಿಗುವ ಪ್ರಯೋಜನವೇ ಬೇರೆ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ. ನಿಮ್ಮ ಆಸ್ಪತ್ರೆಯಲ್ಲಿ ಅದು ಇದೆಯೇ ಎಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಡಿ. ದೊಡ್ಡ ಆಸ್ಪತ್ರೆಯ ಪ್ರಯಾಣ ಆ ನಂತರದ್ದು.

ದೊಡ್ಡಪ್ಪನ ಮೊದಲ ಇಸಿಜಿಯಲ್ಲಿ ಏನೂ ಕಾಣಲಿಲ್ಲ. ‘ಸರಿ, ಮನೆಗೆ ಹೋಗೋಣ’ ಎಂದು ಹೊರಡಿಸಿದವನು ನಾನು. ಕರ್ತವ್ಯದಲ್ಲಿದ್ದ ಯುವ ವೈದ್ಯೆ ಬಿಡಲಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೊಂದು ಇಸಿಜಿ ತೆಗೆಸಿದರು. ಅದರಲ್ಲಿ ಗೆರೆಗಳು ಬದಲಾಗಿದ್ದವು. ಟ್ರೋಪೋನಿನ್ ಎಂಬ ಪ್ರೋಟೀನನ್ನು ಅಳೆಯುವ ರಕ್ತಪರೀಕ್ಷೆಗೂ ಇದೇ ಮಾತು. ಹೃದಯಕ್ಕೆ ಪೆಟ್ಟಾದ ಮೇಲೆ ಅದು ರಕ್ತದಲ್ಲಿ ಏರಲು ಕೆಲವು ಗಂಟೆ ಬೇಕು, ಆದ್ದರಿಂದ ಬೇಗ ಮಾಡಿಸಿದ್ದು ಸರಿಯಾಗಿದ್ದರೂ ಮತ್ತೆ ಮಾಡಿಸಬೇಕಾಗುತ್ತದೆ. ‘ಇನ್ನೊಮ್ಮೆ ಯಾವಾಗ ನೋಡುತ್ತೀರಿ?’ ಎಂದು ಕೇಳಲು ಸಂಕೋಚಪಡಬೇಡಿ.

ನೋವು ಸದ್ಯಕ್ಕೆ ಇಲ್ಲದವರ ತನಿಖೆ ನಿಧಾನವಾಗಿ ನಡೆಯುತ್ತದೆ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿ, ಎಕೋ ಎಂಬ ಹೃದಯದ ಸ್ಕ್ಯಾನಿನಲ್ಲಿ ಬಡಿತದ ಬಲ ಅಳೆದು, ಅಗತ್ಯವಿದ್ದರೆ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾರೆ. ಹೃದಯದ ರಕ್ತನಾಳ ಎಲ್ಲಿ ಕಿರಿದಾಗಿದೆ ಎಂದು ತೋರಿಸುವ ಆಂಜಿಯೋಗ್ರಾಂ ಎಲ್ಲರಿಗೂ ಬೇಕಾಗುವುದಿಲ್ಲ.

ದೊಡ್ಡಪ್ಪ ಈಗ ಮೆಟ್ಟಿಲು ಏರುತ್ತಾರೆ, ನಿಧಾನವಾಗಿ. ಅವರ ಎರಡೂ ಇಸಿಜಿಗಳನ್ನು ಅಡಿಕೆ ವ್ಯಾಪಾರದ ಪಟ್ಟಿ ಇಡುವ ಚೀಲದಲ್ಲೇ ಇಟ್ಟಿದ್ದೇವೆ. ಇಸಿಜಿಯ ಕಾಗದ ಕಾಲ ಕಳೆದಂತೆ ಮಾಸುತ್ತದೆ, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೊಮ್ಮೆ ನೋವು ಬಂದರೆ ವೈದ್ಯರು ಮೊದಲು ಕೇಳುವುದು ಹಳೆಯದನ್ನು.