ಬಿಸಿಲಿನಲ್ಲಿ ತಂಪು ಕೂಡಿಟ್ಟು ಸಂಜೆ ಕಂಪ್ರೆಸರ್ ನಿಲ್ಲಿಸುವುದು ಹೇಗೆ

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬ್ಯಾಡಗಿಯಲ್ಲಿ ಗಾಳಿಗೂ ಮೆಣಸಿನಕಾಯಿಯ ಘಾಟು. ಮಾರುಕಟ್ಟೆಯಲ್ಲಿ ಮಾರಾಟವಾಗದೆ ಉಳಿದ, ಒಳ್ಳೆಯ ದರ ಬರಲೆಂದು ರೈತರೂ ವರ್ತಕರೂ ಕಾಯ್ದಿಟ್ಟ ಚೀಲಗಳೆಲ್ಲ ಕೋಲ್ಡ್ ಸ್ಟೋರೇಜ್‌ಗಳಿಗೆ ಬರುತ್ತವೆ. ಅಂಥದ್ದೊಂದರಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ವಿದ್ಯುತ್ ಮೇಲ್ವಿಚಾರಕ. ನಮ್ಮಲ್ಲಿ 45 ಕಿಲೋವ್ಯಾಟ್‌ನ ಮೂರು ಅಮೋನಿಯಾ ಕಂಪ್ರೆಸರ್‌ಗಳಿವೆ, ಚಾವಣಿಯ ಮೇಲೆ 100 ಕಿಲೋವ್ಯಾಟ್ ಸೌರಫಲಕಗಳಿವೆ, ಹಿಂಬದಿಯ ಶೆಡ್ಡಿನಲ್ಲಿ ಒಂದು ಡೀಸೆಲ್ ಜನರೇಟರ್ ಇದೆ. ಇಷ್ಟನ್ನೇ ಬಳಸಿ ಸಂಜೆ ಗ್ರಿಡ್ಡಿನ ಮೇಲಿನ ನಮ್ಮ ಭಾರವನ್ನು ಹೇಗೆ ಇಳಿಸಿದೆವು ಎಂಬುದನ್ನು, ಇಂಥದೇ ಘಟಕ ನಡೆಸುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಸಂಜೆಯೇ ಏಕೆ? ಮಧ್ಯಾಹ್ನ ರಾಜ್ಯದಲ್ಲಿ ಸೌರ ವಿದ್ಯುತ್ ಸಮೃದ್ಧವಾಗಿರುತ್ತದೆ. ಸೂರ್ಯ ಮುಳುಗಿದರೆ ಪಾವಗಡದ 2,050 ಮೆಗಾವ್ಯಾಟ್ ಪಾರ್ಕ್ ಕೂಡ ಶೂನ್ಯ. ಅದೇ ಹೊತ್ತಿಗೆ ಮನೆಮನೆಯಲ್ಲೂ ದೀಪ, ಫ್ಯಾನು, ಟಿವಿ ಶುರುವಾಗುತ್ತವೆ. ಆ ಕೊರತೆಯನ್ನು ಶರಾವತಿಯ ನೀರು, ರಾಯಚೂರಿನ ಕಲ್ಲಿದ್ದಲು ತುಂಬಬೇಕು. ಸಂಜೆಯ ಆ ಹೊತ್ತಿನಲ್ಲಿ ನಾವು ತೆಗೆದುಕೊಳ್ಳದೆ ಬಿಟ್ಟ ವಿದ್ಯುತ್ತು ಹೊಸದಾಗಿ ಉತ್ಪಾದಿಸಿದ ವಿದ್ಯುತ್ತಿಗೆ ಸಮ. ಇದನ್ನೇ ಬೇಡಿಕೆ ಸ್ಪಂದನೆ ಎನ್ನುತ್ತಾರೆ. ಹೊತ್ತಿಗೊಂದು ದರ, ಅಂದರೆ ಟಿಓಡಿ, ಬಂದಿರುವುದೂ ಇದಕ್ಕಾಗಿಯೇ. ಕೇಂದ್ರ ಸರ್ಕಾರ 2023ರಲ್ಲಿ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಂದ ತಿದ್ದುಪಡಿಯಲ್ಲಿ ಬಿಸಿಲಿನ ಎಂಟು ಗಂಟೆಗಳ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇಕಡ 20ರಷ್ಟು ಕಡಿಮೆ ಇರಬೇಕು, ಉದ್ಯಮ ಮತ್ತು ವಾಣಿಜ್ಯ ಗ್ರಾಹಕರಿಗೆ ಗರಿಷ್ಠ ಬೇಡಿಕೆಯ ಹೊತ್ತಿನ ದರ ಕನಿಷ್ಠ 1.2 ಪಟ್ಟು ಇರಬೇಕು ಎಂದಿದೆ. ನಿಮ್ಮ ಸಂಪರ್ಕಕ್ಕೆ ಯಾವ ಹೊತ್ತು, ಯಾವ ದರ ಎಂಬುದನ್ನು ಕೆಇಆರ್‌ಸಿಯ (ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ) ಇತ್ತೀಚಿನ ಆದೇಶ ಮತ್ತು ನಿಮ್ಮದೇ ಬಿಲ್ ನೋಡಿ ಖಚಿತಪಡಿಸಿಕೊಳ್ಳಿ. ನಾನಿಲ್ಲಿ ಸಂಜೆ 6ರಿಂದ 10 ಎಂದು ಹಿಡಿದಿದ್ದೇನೆ.

ಮೊದಲ ಕೆಲಸ ಲೆಕ್ಕ. ಯಾವುದನ್ನೂ ಕೊಳ್ಳುವ ಮುಂಚೆ ಎರಡು ವಾರ ಹದಿನೈದು ನಿಮಿಷಕ್ಕೊಮ್ಮೆ ಮೀಟರ್ ಬರೆದಿಡಿ. ಎಚ್.ಟಿ. (ಹೈ ಟೆನ್ಷನ್) ಮೀಟರ್ ಗರಿಷ್ಠ ಬೇಡಿಕೆಯನ್ನು ಹಿಡಿಯುವುದೂ ಹದಿನೈದು ನಿಮಿಷದ ಸರಾಸರಿಯಲ್ಲಿಯೇ. ಮೀಟರ್‌ನಿಂದ ದತ್ತಾಂಶ ಇಳಿಸಿಕೊಳ್ಳಲು ಆದರೆ ಒಳ್ಳೆಯದು. ಆಗದಿದ್ದರೆ ಪಾಳಿಯ ಹುಡುಗರ ಕೈಗೆ ನೋಟ್‌ಬುಕ್ ಕೊಡಿ. ನಮ್ಮ ಪುಸ್ತಕ ತುಂಬಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಮಧ್ಯಾಹ್ನ ಒಂದೇ ಕಂಪ್ರೆಸರ್ ಓಡುತ್ತಿತ್ತು, ಚಾವಣಿಯ ವಿದ್ಯುತ್ತು ಹೊರಗೆ ಹೋಗುತ್ತಿತ್ತು. ಸಂಜೆ ಆರೂವರೆಗೆ ಮೂರೂ ಓಡುತ್ತಿದ್ದವು. ಕಾರಣ ಸರಳ: ದಿನವಿಡೀ ಬಂದ ಬಿಸಿ ಚೀಲಗಳನ್ನು ಹಮಾಲರು ಬಿಸಿಲು ಇಳಿದ ಮೇಲೆ ಒಳಗೆ ಹಾಕುತ್ತಿದ್ದರು. ಬಾಗಿಲು ತೆರೆದೇ ಇರುತ್ತಿತ್ತು.

ಎರಡನೆಯದು, ಬ್ಯಾಟರಿ ಕೊಳ್ಳುವ ಮಾತಿಗೆ ಮುಂಚೆ ನಿಮ್ಮಲ್ಲಿ ಈಗಾಗಲೇ ಇರುವ ಬ್ಯಾಟರಿಯನ್ನು ಗುರುತಿಸಿ. ಕೋಲ್ಡ್ ಸ್ಟೋರೇಜ್‌ಗೆ ಅದು ಸರಕೇ. ತುಂಬಿದ ಒಂದು ಚೇಂಬರಿನಲ್ಲಿ ಸಾವಿರಾರು ಚೀಲಗಳಿರುತ್ತವೆ. ಒಮ್ಮೆ ತಣ್ಣಗಾದ ಆ ರಾಶಿ ಸುಲಭಕ್ಕೆ ಬಿಸಿಯಾಗುವುದಿಲ್ಲ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ನಾಲ್ಕರವರೆಗೆ, ಚಾವಣಿ ಕೈತುಂಬ ಕೊಡುವಾಗ, ಎರಡು ಕಂಪ್ರೆಸರ್ ಓಡಿಸಿ ಚೇಂಬರನ್ನು 4 ಡಿಗ್ರಿಗೆ ಇಳಿಸುತ್ತೇವೆ. ಸಂಜೆ ಎರಡನ್ನು ಪೂರ್ತಿ ನಿಲ್ಲಿಸಿ, ಮೂರನೆಯದನ್ನು ಹೊಸ ಸರಕಿನ ಚೇಂಬರಿಗೆ ಮಾತ್ರ ಬಿಡುತ್ತೇವೆ. ಬಾಗಿಲು ಮುಚ್ಚಿದ್ದರೆ ರಾತ್ರಿ ಹತ್ತಕ್ಕೆ ನಮ್ಮ ಹಳೆಯ ಸರಕಿನ ಚೇಂಬರ್ 5 ಡಿಗ್ರಿ ದಾಟುವುದಿಲ್ಲ. ನಿಮ್ಮ ಕಟ್ಟಡದ ಗೋಡೆ, ನಿರೋಧಕ ಪದರ ಬೇರೆ ಇರುತ್ತವೆ. ಆದ್ದರಿಂದ ಮೊದಲ ದಿನ ಒಂದು ಗಂಟೆ, ಮಾರನೆಯ ವಾರ ಎರಡು ಗಂಟೆ ಹೀಗೆ ಪರೀಕ್ಷಿಸಿ. ಥರ್ಮಾಮೀಟರನ್ನು ಬಾಗಿಲ ಬಳಿಯಲ್ಲ, ರಾಶಿಯ ನಡುವಿನ ಚೀಲದೊಳಗೆ ಇಡಿ. ತೇವಾಂಶದ ಮಾಪಕವನ್ನೂ ನೋಡುತ್ತಿರಿ. ಅತಿಯಾಗಿ ತಣಿಸಲು ಹೋಗಿ ಕಾಯಿ ಒಣಗಿ ತೂಕ ಬಿದ್ದರೂ ನಷ್ಟ, ತೇವ ಏರಿ ಬೂಸ್ಟು ಹಿಡಿದರೂ ನಷ್ಟ. ಸರಕು ರೈತನದು. ವಿದ್ಯುತ್ ಉಳಿಸಲೆಂದು ಅವನ ಮೆಣಸಿನಕಾಯಿಯ ಬಣ್ಣ ಕೆಡಿಸುವ ಹಕ್ಕು ನಮಗಿಲ್ಲ.

ಇನ್ನು ಚಾವಣಿ. ನಮ್ಮೂರಿನಲ್ಲಿ ಸುಗ್ಗಿಯ ಹೊತ್ತಿಗೆ ಫಲಕಗಳ ಮೇಲೆ ಮೆಣಸಿನಕಾಯಿಯ ಕೆಂಪು ಧೂಳು ಕೂರುತ್ತದೆ. ಬೆರಳಲ್ಲಿ ಗೆರೆ ಎಳೆದರೆ ಕೆಳಗಿನ ಗಾಜು ಕಾಣುವಷ್ಟು. ಸೂರ್ಯೋದಯಕ್ಕೆ ಮುಂಚೆ, ಗಾಜು ತಣ್ಣಗಿರುವಾಗ, ಮೆತ್ತನೆಯ ಬ್ರಶ್ಶಿನಿಂದ ತೊಳೆಸಿ. ತೊಳೆಯುವವರಿಗೆ ಕನ್ನಡಕ, ಮುಖವಸ್ತ್ರ ಕೊಡುವುದನ್ನು ಮರೆಯಬೇಡಿ. ಆ ನೀರು ಕಣ್ಣಿಗೆ ಸಿಡಿದರೆ ಉರಿ ಬೇಗ ಹೋಗುವುದಿಲ್ಲ.

ಸೌರಫಲಕ ಹಾಕಿಸಿದವರಿಗೆ ಯಾರೂ ಮುಂಚೆ ಹೇಳದ ವಿಷಯವೊಂದಿದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅಳವಡಿಸಿದ ಮೊದಲ ತಿಂಗಳು ನಮ್ಮ ಯೂನಿಟ್ ಇಳಿದವು, ಆದರೆ ಪವರ್ ಫ್ಯಾಕ್ಟರ್ ದಂಡ ಬಂತು. ಗ್ರಿಡ್‌ನಿಂದ ಎಳೆದ ಒಟ್ಟು ಶಕ್ತಿಯಲ್ಲಿ ನಿಜವಾಗಿ ಕೆಲಸ ಮಾಡುವ ಪಾಲೇ ಪವರ್ ಫ್ಯಾಕ್ಟರ್, ಅದು ತೀರಾ ಇಳಿದರೆ ದಂಡ. ಅಳವಡಿಸಿದವರನ್ನು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ರಾತ್ರಿ ಕುಳಿತು ಲೆಕ್ಕ ಹಾಕಿದೆ. ನಮ್ಮ ಭಾರ 100 ಕಿಲೋವ್ಯಾಟ್, ಮೋಟಾರುಗಳ ಕಾಂತಕ್ಷೇತ್ರಕ್ಕೆ ಬೇಕಾದ, ಆದರೆ ಕೆಲಸ ಮಾಡದ ರಿಯಾಕ್ಟಿವ್ ಭಾಗ 33 ಕೆವಿಎಆರ್ (ಆ ಭಾಗದ ಅಳತೆ) ಇದ್ದಾಗ ಪವರ್ ಫ್ಯಾಕ್ಟರ್ 0.95. ಚಾವಣಿ 70 ಕಿಲೋವ್ಯಾಟ್ ಕೊಟ್ಟಿತು ಎನ್ನಿ. ಗ್ರಿಡ್‌ನಿಂದ ಬರುವುದು 30 ಕಿಲೋವ್ಯಾಟ್ ಮಾತ್ರ, ಆದರೆ ರಿಯಾಕ್ಟಿವ್ ಭಾಗ ಹಾಗೇ 33. ಮೀಟರ್ ಕಾಣುವ ಪವರ್ ಫ್ಯಾಕ್ಟರ್ 0.67! ಯಂತ್ರಗಳಲ್ಲಿ ದೋಷವೇನೂ ಇರಲಿಲ್ಲ. ರಿಯಾಕ್ಟಿವ್ ಭಾಗವನ್ನು ಸ್ಥಳದಲ್ಲೇ ಒದಗಿಸುವ ನಮ್ಮ ಕೆಪಾಸಿಟರ್ ಪ್ಯಾನೆಲ್‌ನ ಸಿಟಿ (ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್) ಕಂಪ್ರೆಸರ್‌ಗಳ ಭಾರವನ್ನಷ್ಟೇ ನೋಡುತ್ತಿತ್ತು, ಸೌರ ವಿದ್ಯುತ್ ಸೇರುವ ಜಾಗ ಅದರ ಆಚೆಗಿತ್ತು. ಸಿಟಿಯನ್ನು ಮುಖ್ಯ ಮೀಟರಿನ ಪಕ್ಕಕ್ಕೆ ಸರಿಸಿ, ಸಣ್ಣ ಕೆಪಾಸಿಟರ್ ಹಂತಗಳನ್ನು ಸೇರಿಸಿದೆವು. ಸೌರಫಲಕದ ವಿದ್ಯುತ್ತನ್ನು ಗ್ರಿಡ್ಡಿಗೆ ಹೊಂದುವಂತೆ ಬದಲಿಸುವ ಇನ್ವರ್ಟರ್‌ನಲ್ಲೇ ರಿಯಾಕ್ಟಿವ್ ಶಕ್ತಿ ಕೊಡುವ ಸೆಟ್ಟಿಂಗ್ ಇದ್ದರೆ ಅದನ್ನೂ ಬಳಸಬಹುದು. ಗುತ್ತಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆಯೇ ಈ ಪ್ರಶ್ನೆ ಕೇಳಿ.

ಜನರೇಟರ್ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಸಂಜೆಯ ಹೆಚ್ಚುವರಿ ದರ ತಪ್ಪಿಸಲೆಂದು ಡೀಸೆಲ್ ಸುಡಬೇಡಿ. ಒಂದು ಲೀಟರ್‌ಗೆ ಮೂರರಿಂದ ಮೂರೂವರೆ ಯೂನಿಟ್ ಬರುತ್ತದೆ. ಲೀಟರ್‌ಗೆ 90 ರೂಪಾಯಿ ಎಂದು ಹಿಡಿದರೂ ಯೂನಿಟ್ಟಿಗೆ 26ರಿಂದ 30 ರೂಪಾಯಿ, ಜೊತೆಗೆ ಹೊಗೆ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಪೋರ್ಟ್‌ಲ್ಯಾಂಡ್ ಜನರಲ್ ಎಲೆಕ್ಟ್ರಿಕ್ ಕಂಪನಿ ಗ್ರಾಹಕರ ಜನರೇಟರ್‌ಗಳನ್ನು ತನ್ನ ನಿಯಂತ್ರಣ ಕೊಠಡಿಯಿಂದಲೇ ಚಾಲೂ ಮಾಡುವ ವ್ಯವಸ್ಥೆ ಇಟ್ಟುಕೊಂಡಿದೆ. ಆದರೆ ಅಲ್ಲಿ ಇಂಧನ ಮತ್ತು ನಿರ್ವಹಣೆಯ ಖರ್ಚನ್ನು ಕಂಪನಿಯೇ ಹೊರುತ್ತದೆ. ಅಂಥ ಒಪ್ಪಂದ ಕೈಯಲ್ಲಿಲ್ಲದಾಗ ಜನರೇಟರ್ ಇರಬೇಕಾದದ್ದು ವಿದ್ಯುತ್ ಹೋದಾಗಿನ ಆಸರೆಯಾಗಿ. ಆಗಲೂ ಒಂದು ಎಚ್ಚರ ಬೇಕು. ಗ್ರಿಡ್ ಹೋದೊಡನೆ ಸೌರ ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದೆ. ಕಂಬದ ಮೇಲೆ ದುರಸ್ತಿ ಮಾಡುವ ಲೈನ್‌ಮನ್ ಜೀವ ಉಳಿಯುವುದು ಇದರಿಂದಲೇ, ಆ ರಕ್ಷಣೆಯನ್ನು ಯಾರು ಹೇಳಿದರೂ ತೆಗೆಸಬೇಡಿ. ಜನರೇಟರ್ ಚಾಲೂ ಆದರೆ ಇನ್ವರ್ಟರ್ ಅದನ್ನೇ ಗ್ರಿಡ್ ಎಂದು ತಿಳಿದು ಮತ್ತೆ ಸೇರಿಕೊಳ್ಳಬಹುದು. ಬಿಸಿಲು ಜೋರಾಗಿದ್ದು ಭಾರ ಕಡಿಮೆ ಇದ್ದರೆ ವಿದ್ಯುತ್ ಜನರೇಟರಿನೊಳಕ್ಕೇ ತಿರುಗಿ ಹರಿಯುತ್ತದೆ. ಇವೆರಡನ್ನೂ ಹೊಂದಿಸುವ ನಿಯಂತ್ರಕ ಹಾಕಿಸಿ, ಜನರೇಟರ್ ಮೇಲೆ ಕನಿಷ್ಠ ಶೇಕಡ 30ರಷ್ಟು ಭಾರ ಇರುವಂತೆ ನೋಡಿಕೊಳ್ಳಿ. ನಿಯಂತ್ರಕ ಇಲ್ಲದಿದ್ದರೆ ಜನರೇಟರ್ ಓಡುವಾಗ ಸೌರ ಬ್ರೇಕರ್ ತೆರೆದೇ ಇರಲಿ, ಅಂದರೆ ಸೌರ ಸಂಪರ್ಕ ಕಡಿದಿರಲಿ.

ಯಂತ್ರಗಳಿಗಿಂತ ಕಷ್ಟವಾದದ್ದು ಬಾಗಿಲು. ಆರರ ಮೇಲೆ ಚೀಲ ಒಳಗೆ ಹಾಕಬಾರದು ಎಂದು ನಾನು ಫಲಕ ಬರೆಸಿ ಹಾಕಿದೆ. ಹಮಾಲರ ಮುಖಂಡರು ಬಂದು, “ಸಾಹೇಬರೇ, ಬಿಸಿಲಲ್ಲಿ ಚೀಲ ಹೊತ್ತರೆ ನಮ್ಮ ಬೆನ್ನು ಸುಡುತ್ತದೆ. ನಿಮ್ಮ ಕಂಪ್ರೆಸರ್‌ಗೆ ಮಾತ್ರ ವಿಶ್ರಾಂತಿಯೇ?” ಎಂದರು. ಅವರ ಮಾತು ನ್ಯಾಯವಾಗಿತ್ತು. ಮಾಲೀಕರನ್ನು ಒಪ್ಪಿಸಿ ಇಳಿಸುವ ಕಟ್ಟೆಗೆ ತಗಡಿನ ಮಾಡು ಹಾಕಿಸಿದೆವು, ಕೆಲಸವನ್ನು ಬೆಳಗ್ಗೆ ಆರಕ್ಕೆ ಶುರು ಮಾಡಿದೆವು. ಈಗ ಹಿಂದಿನ ದಿನದ ಚೀಲಗಳು ರಾತ್ರಿಯ ಗಾಳಿಗೆ ತಾವಾಗಿಯೇ ತಣಿದು ಒಳಗೆ ಬರುತ್ತವೆ. ಅದರಿಂದ ಕಂಪ್ರೆಸರ್‌ಗೂ ಕೆಲಸ ತಗ್ಗಿತು.

ಕೊನೆಯದಾಗಿ ರಾತ್ರಿ ಹತ್ತು ಗಂಟೆ. ಇಲ್ಲಿ ಅವಸರ ಮಾಡಿದರೆ ಇಡೀ ಸಂಜೆಯ ಶ್ರಮ ಹೋಗುತ್ತದೆ. ನಿಂತ ಯಂತ್ರಗಳೆಲ್ಲ ಒಟ್ಟಿಗೆ ಎದ್ದರೆ ಅದೇ ತಿಂಗಳ ಗರಿಷ್ಠ ಬೇಡಿಕೆಯಾಗಿ ಬಿಲ್ಲಿಗೆ ಬರುತ್ತದೆ, ಮಂಜೂರಾತಿ ಮೀರಿದರೆ ದಂಡವೂ ಸೇರುತ್ತದೆ. ನಮ್ಮಲ್ಲಿ ಹತ್ತೂ ಐದಕ್ಕೆ ಒಂದು ಕಂಪ್ರೆಸರ್ ಎಬ್ಬಿಸುತ್ತೇವೆ. ಇಪ್ಪತ್ತು ನಿಮಿಷ ಬಿಟ್ಟು, ಮೀಟರ್ ನೋಡಿ, ಬೇಕಿದ್ದರೆ ಮಾತ್ರ ಇನ್ನೊಂದು. ಪಾಳಿಯ ಹುಡುಗ ಚೀಲದೊಳಗಿನ ತಾಪಮಾನ, ಮೀಟರಿನ ಕೆವಿಎ (ಬೇಡಿಕೆಯ ಅಳತೆ), ಚಾಲೂ ಮಾಡಿದ ಹೊತ್ತು, ಈ ಮೂರನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾನೆ. ಬೆಳಗ್ಗೆ ಬಂದವನೇ ನಾನು ಮೊದಲು ತೆರೆಯುವುದು ಆ ಪುಟವನ್ನು.